ನೋಡದೆ ಬಂದ ಸೂರ್ಯ

ನಡುರಾತ್ರಿಯಲ್ಲೂ ಸೂರ್ಯ ಮುಳುಗದ ನಾಡಿನ ಪಾಠವನ್ನು ನಾನು ರಾಮನಗರದ ಹೆಣ್ಣುಮಕ್ಕಳಿಗೆ ವರ್ಷ ವರ್ಷವೂ ಹೇಳಿದೆ. ಕ್ಲಾಸಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗ್ಲೋಬನ್ನು ಓರೆಯಾಗಿ ಹಿಡಿದು, ಒಬ್ಬ ಹುಡುಗಿಯ ಕೈಗೆ ಟಾರ್ಚ್ ಕೊಟ್ಟು, ‘ಲುಕ್ ಗರ್ಲ್ಸ್, ಭೂಮಿ ಪೂರ್ತಿ ಒಂದು ಸುತ್ತು ತಿರುಗಿದರೂ ಈ ಮೇಲಿನ ತುದಿ ಬೆಳಕು ಬಿಟ್ಟು ಆಚೆ ಹೋಗೋದೇ ಇಲ್ಲ’ ಎನ್ನುತ್ತಿದ್ದೆ. ಹೇಳುತ್ತಿದ್ದವಳು ಮಾತ್ರ ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಓದಿದ್ದು ಬಿಟ್ಟರೆ ದೂರ ಹೋದವಳಲ್ಲ. ತವರು ಮಾಗಡಿ, ಮದುವೆಯಾಗಿ ಹೋಗಿದ್ದು ಕನಕಪುರ, ಗಂಡ ತೀರಿಕೊಂಡ ಮೇಲೆ ಕೆಲಸ ಸಿಕ್ಕಿದ್ದು ರಾಮನಗರ. ಇಷ್ಟೇ ನನ್ನ ಭೂಗೋಳ.

ಆ ಪಾಠದ ದಿನ ಕೊನೆಯ ಬೆಂಚಿನಲ್ಲಿ ನಮ್ಮ ಮ್ಯಾಥ್ಸ್ ಟೀಚರ್ ಬಂದು ಕೂರುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ನಾನು ಅವಳನ್ನು ‘ಮ್ಯಾಥ್ಸ್’ ಎನ್ನುವುದು, ಅವಳು ನನ್ನನ್ನು ‘ಜಿಯಾಗ್ರಫಿ’ ಎನ್ನುವುದು ಯಾವಾಗ ಶುರುವಾಯಿತೋ ನೆನಪಿಲ್ಲ, ಆಮೇಲೆ ಹೆಸರು ಹಿಡಿದು ಕರೆದದ್ದೇ ಇಲ್ಲ. ಅವಳದು ರೇಷ್ಮೆ ನೂಲು ತೆಗೆಯುವ ಮನೆತನ. ಮನೆಯ ಹಿಂದೆಯೇ ಶೆಡ್ಡು. ಎಷ್ಟು ಪೌಡರ್ ಹಾಕಿದರೂ ಗೂಡು ಬೇಯಿಸಿದ ನೀರಿನ ವಾಸನೆ ಅವಳ ಸೀರೆಯ ಮಡಿಕೆಗಳಲ್ಲಿ ಇದ್ದೇ ಇರುತ್ತಿತ್ತು. ಮದುವೆ ಮಾಡಿಕೊಂಡಿರಲಿಲ್ಲ. ತಮ್ಮನೂ ತಮ್ಮನ ಹೆಂಡತಿಯೂ ಅವಳೂ ಒಂದೇ ಮನೆಯಲ್ಲಿದ್ದರು.

ಅವಳಿಗೆ ಕತ್ತಲೆ ಕಂಡರೆ ಭಯ. ಚಿಕ್ಕವಳಿದ್ದಾಗ ಗೂಡು ತುಂಬಿದ ಕೋಣೆಯಲ್ಲಿ ಆಟವಾಡುತ್ತಾ ನಿದ್ದೆ ಹೋಗಿದ್ದಳಂತೆ. ಯಾರೋ ನೋಡದೆ ಹೊರಗಿನಿಂದ ಚಿಲಕ ಹಾಕಿದರು. ಎದ್ದಾಗ ಕಣ್ಣು ಬಿಟ್ಟಿದೆಯೋ ಮುಚ್ಚಿದೆಯೋ ಗೊತ್ತಾಗದಷ್ಟು ಕತ್ತಲೆ. ಬಾಗಿಲು ತೆಗೆಯುವ ಹೊತ್ತಿಗೆ ಕೂಗಿ ಕೂಗಿ ಗಂಟಲು ಹೋಗಿತ್ತು. ಅದರಿಂದಾಚೆಗೆ ದೀಪ ಆರಿಸಿ ಮಲಗಿದವಳೇ ಅಲ್ಲ. ಮೈಸೂರಿಗೆ ಎಕ್ಸ್‌ಕರ್ಷನ್ ಹೋದಾಗ ಛತ್ರದ ಬಚ್ಚಲಿನ ಬಲ್ಬು ಹಾಕಿಟ್ಟು ಉಳಿದ ಟೀಚರುಗಳ ಕೈಲಿ ಬೈಸಿಕೊಂಡಳು. ನಾಚಿಕೆಯೇನೂ ಇರಲಿಲ್ಲ. ‘ಕೆಲವರಿಗೆ ಬದನೇಕಾಯಿ ಆಗಲ್ವಲ್ಲ, ನನಗೆ ಕತ್ತಲೆ ಆಗಲ್ಲ, ಬಸ್’ ಎನ್ನುವಳು. ನನ್ನ ಪಾಠಕ್ಕೆ ಕಿಟಕಿ ಮುಚ್ಚಿಸಿದಾಗಲೂ ಕೊನೆಯ ಬೆಂಚಿನವಳು ಬಾಗಿಲನ್ನು ಒಂದಿಷ್ಟು ಓರೆ ಮಾಡಿಟ್ಟುಕೊಂಡೇ ಕೇಳುತ್ತಿದ್ದಳು.

‘ರಿಟೈರ್ ಆದ್ಮೇಲೆ ಅಲ್ಲಿಗೆ ಹೋಗೋಣ ಜಿಯಾಗ್ರಫಿ. ರಾತ್ರಿ ಅನ್ನೋದೇ ಇಲ್ದೇ ಇರೋ ಊರಿಗೆ.’

ಮೊದಮೊದಲು ಅದು ಟಿಫಿನ್ ಹೊತ್ತಿನ ತಮಾಷೆ. ಆಮೇಲೆ ನಿಜವಾಗಿಯೇ ಇಬ್ಬರೂ ಸಂಬಳದಲ್ಲಿ ಇಷ್ಟಿಷ್ಟು ಎತ್ತಿಡತೊಡಗಿದೆವು. ಹೋಟೆಲು ಗೀಟೆಲು ನಮ್ಮಂಥವರಿಗೆ ಆಗುವ ಮಾತಲ್ಲ. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು, ಕಾಲೇಜು ಹುಡುಗರ ಹಾಗೆ ಯೂತ್ ಹಾಸ್ಟೆಲುಗಳಲ್ಲಿ ಮಲಗುತ್ತ, ಟ್ರೇನಿನಲ್ಲಿ ಡೆನ್ಮಾರ್ಕ್, ಸ್ವೀಡನ್ ದಾಟಿ ನಾರ್ವೆಯ ತುದಿ ಮುಟ್ಟುವುದು ಎಂದು ಅಟ್ಲಾಸಿನ ಮೇಲೆ ಪೆನ್ಸಿಲ್ ಗೆರೆ ಎಳೆದೆವು. ಒಂದೇ ವರ್ಷ ಇಬ್ಬರೂ ರಿಟೈರ್ ಆದೆವು, ಮುಂದಿನ ಜೂನ್‌ಗೆಂದು ಟಿಕೆಟ್ಟೂ ಮಾಡಿಸಿದೆವು. ಆಗಿನ್ನೂ ರಾಮನಗರ ಜಿಲ್ಲೆಯಾಗಿರಲಿಲ್ಲ.

ಆ ಚಳಿಗಾಲ ಅವಳಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಗ್ಯಾಸ್ಟ್ರಿಕ್ ಅಂದರು. ಬೆಂಗಳೂರಿಗೆ ಕರೆದುಕೊಂಡು ಹೋದಾಗ ಗ್ಯಾಸ್ಟ್ರಿಕ್ ಅಲ್ಲ ಅಂದರು. ಹೊಟ್ಟೆ ಕೊಯ್ದು, ನೋಡಿ, ಏನೂ ಮಾಡದೆ ಹಾಗೇ ಹೊಲಿದು ಕಳಿಸಿದರು. ದೀಪಾವಳಿಯವರೆಗೆ ಎಳೆದರೆ ಹೆಚ್ಚು ಎಂದು ಡಾಕ್ಟರು ತಮ್ಮನಿಗೆ ಹೇಳಿದ್ದನ್ನು ಅವಳೇ ತಮ್ಮನ ಬಾಯಿ ಬಿಡಿಸಿ ತಿಳಿದುಕೊಂಡು ನನಗೆ ಹೇಳಿದಳು, ಲೆಕ್ಕದ ಉತ್ತರ ಹೇಳಿದಂತೆ.

ಟಿಕೆಟ್ಟು ಕ್ಯಾನ್ಸಲ್ ಮಾಡಿಸುತ್ತೇನೆ ಎಂದೆ. ಅವಳು ಮಂಚದ ಮೇಲೆ ಎದ್ದು ಕೂತಳು.

‘ಹುಚ್ಚೀ, ನೀನು ಹೋಗು. ಜೂನ್ ದಾಟಿದ್ರೆ ಆ ಸೂರ್ಯ ಸಿಗಲ್ಲ ಅಂತ ನೀನೇ ಪಾಠ ಮಾಡಿಲ್ವಾ? ಹೋಗಿ ನೋಡ್ಕೊಂಡ್ ಬಾ. ನಿಜವಾಗ್ಲೂ ಕತ್ತಲೆ ಆಗಲ್ವಾ ಅಂತ. ಪುಸ್ತಕದ್ದು ನಂಗೆ ಬಾಯಿಪಾಠ ಐತೆ, ಅದು ಬೇಡ. ನಿನ್ ಕಣ್ಣಲ್ಲಿ ನೋಡಿದ್ದು ಬಂದು ಹೇಳು.’

‘ಅಲ್ಲಿಂದ ಫೋನ್ ಮಾಡ್ತೀನಿ.’

‘ಫೋನಲ್ಲಿ ಬೇಡ. ದುಡ್ಡು ದಂಡ. ಎದುರಿಗೆ ಕೂತು ಹೇಳು.’

ಯಾಕೆ ಅಷ್ಟು ಹಟ ಹಿಡಿದಳು ಎಂದು ಕೇಳಬೇಕಾಗಿರಲಿಲ್ಲ. ಮುಂದೆ ಯಾವ ಕೋಣೆಯ ಬಾಗಿಲು ಮುಚ್ಚಿಕೊಳ್ಳಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಕತ್ತಲೆ ಇಲ್ಲದ ಜಾಗವೊಂದು ನಿಜವಾಗಿ ಇದೆ ಎಂದು, ನೋಡಿ ಬಂದವರ ಬಾಯಲ್ಲಿ, ಅಷ್ಟರೊಳಗೆ ಅವಳು ಕೇಳಬೇಕಿತ್ತು. ನಾನು ಹೋಗಬೇಕಾಗಿದ್ದು ಅದಕ್ಕೆ.

ಮಾಗಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಸುದ್ದಿ ಕೇಳಿ ಬಸ್ಸು ಹತ್ತಿ ಬಂದ.

‘ಅಕ್ಕಯ್ಯ, ನಿಂಗೇನ್ ತಲೆ ಕೆಟ್ಟೈತಾ? ಈ ವಯಸ್ಸಲ್ಲಿ ಮೂಟೆ ಹೊತ್ಕಂಡು ಐಸ್ ಬೀಳೋ ದೇಸಕ್ಕೆ ಒಬ್ಳೇ ಓಯ್ತೀಯಾ? ಕಾಸಿಗೆ ಹೋಗು, ನಾನೇ ಕರ್ಕಂಡ್ ಓಯ್ತೀನಿ.’

‘ಕಾಶೀಲಿ ರಾತ್ರಿ ಆಗುತ್ತೆ ಕಣೋ.’

‘ಆಗ್ದೆ ಇನ್ನೇನ್ ಆಯ್ತದೆ!’ ಎಂದು ಅವನು ಕೈ ಚೆಲ್ಲಿ ಕೂತ. ಹೊರಡುವಾಗ ಮಾತ್ರ ಮನೆಯಲ್ಲಿ ಹುರಿದು ಬೀಸಿಸಿದ ರಾಗಿ ಹುರಿಹಿಟ್ಟನ್ನು ಎರಡು ಡಬ್ಬಿ ತುಂಬ ತಂದುಕೊಟ್ಟ. ‘ಒಲೆ ಬೇಡ, ಏನೂ ಬೇಡ. ಒಸಿ ಹಾಲು, ಒಸಿ ಬೆಲ್ಲ ಹಾಕಿ ಕಲಸ್ಕಂಡ್ರೆ ಊಟ ಆಯ್ತು.’ ಆ ಪ್ರಯಾಣದಲ್ಲಿ ನನ್ನ ಪ್ರಾಣ ಹಿಡಿದಿದ್ದು ಅದೇ.

ಭಾರ ಹೊರುವುದು ಅಭ್ಯಾಸವಾಗಲಿ ಎಂದು ಒಂದು ಭಾನುವಾರ ಬ್ಯಾಗಿನಲ್ಲಿ ಅಕ್ಕಿ ತುಂಬಿಕೊಂಡು ಸಾವನದುರ್ಗಕ್ಕೆ ಹೋಗಿದ್ದೆ. ದೇವಸ್ಥಾನದ ಹತ್ತಿರ ಕಡ್ಲೆಕಾಯಿ ಮಾರುವವಳು ನನ್ನ ಬೆನ್ನು ನೋಡಿ, ‘ಏನ್ ಮಾರಾಕ್ ತಂದಿದ್ದೀಯವ್ವ? ಇಲ್ಲಿ ಯಾಪಾರ ಇಲ್ಲ, ಮಂಗನ ಕಾಟ’ ಎಂದಳು. ಇದನ್ನು ಮ್ಯಾಥ್ಸ್‌ಗೆ ಹೇಳಿದೆ. ಹೊಲಿಗೆ ಹಿಡಿದುಕೊಂಡು ನಕ್ಕಳು. ನಗಬಾರದಿತ್ತು, ನೋವಾಯಿತು.

ಕೋಪನ್‌ಹೇಗನ್‌ನಲ್ಲಿ ಇಳಿದಾಗ ನಾನು ಸಲ್ವಾರ್, ಸ್ಕೂಲಿನ ಪಿ.ಟಿ. ಪೀರಿಯಡ್ಡಿನ ಬಿಳಿ ಕ್ಯಾನ್ವಾಸ್ ಶೂ, ಮಂಕಿ ಕ್ಯಾಪ್ ಹಾಕಿಕೊಂಡ ಮುದುಕಿ. ಹಾಸ್ಟೆಲಿನ ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ಉಳಿದವರೆಲ್ಲ ನನ್ನ ಹಳೆಯ ಸ್ಟೂಡೆಂಟುಗಳ ಮಕ್ಕಳ ವಯಸ್ಸಿನವರು. ಹಾಸಿಗೆ ಬಟ್ಟೆ ನಾವೇ ತರಬೇಕು, ಇಲ್ಲದಿದ್ದರೆ ಬಾಡಿಗೆ. ನಾನು ಮನೆಯಿಂದ ಎರಡು ಪಂಚೆ ಸೇರಿಸಿ ಹೊಲಿದುಕೊಂಡು ಹೋಗಿದ್ದೆ, ಹುಡುಗಿಯರು ಮುಟ್ಟಿ ನೋಡಿ ‘ಎಷ್ಟು ಸಾಫ್ಟ್’ ಅಂದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚುವಾಗ ಒಬ್ಬಳು ಅದು ಸನ್‌ಸ್ಕ್ರೀನಾ ಎಂದು ಕೇಳಿದಳು. ಹೌದು ಎಂದುಬಿಟ್ಟೆ. ವಿವರಿಸುವ ಚೈತನ್ಯ ಇರಲಿಲ್ಲ.

ಅಲ್ಲಿಯೇ ಶುರುವಾಯಿತು ನನ್ನ ಕಷ್ಟ. ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಜರ್ಮನಿಯ ಹುಡುಗಿಯೊಬ್ಬಳು ಪಾತ್ರೆ ತುಂಬ ಬೇಳೆ ಸೂಪ್ ಮಾಡಿಕೊಂಡಿದ್ದಳು. ನಾನು ಮೂಲೆಯಲ್ಲಿ ಕೂತು ಹುರಿಹಿಟ್ಟು ಕಲಸುತ್ತಿದ್ದೆ. ಹೊರಗೆ ಕೊಳ್ಳುವ ಒಂದು ಊಟದ ಬೆಲೆಯಲ್ಲಿ ನಮ್ಮೂರಲ್ಲಿ ವಾರ ಕಳೆಯಬಹುದಿತ್ತು. ಬಿಸಿ ಸೂಪಿನ ವಾಸನೆಗೆ ಬಾಯಲ್ಲಿ ನೀರು. ಹುಡುಗಿ ನನ್ನ ಕಡೆ ತಿರುಗಿ ಸೂಪ್ ಬೇಕಾ ಎಂದಳು.

‘ನೋ ನೋ, ಥ್ಯಾಂಕ್ಯೂ, ನಂದಾಯ್ತು’ ಎಂದೆ.

‘ಓಕೆ’ ಎಂದಳು. ಪಾತ್ರೆಗೇ ಚಮಚ ಹಾಕಿ ತಿನ್ನತೊಡಗಿದಳು.

ನಾನು ಅವಳ ಮುಖವನ್ನೇ ನೋಡುತ್ತ ಕೂತಿದ್ದೆ. ಇನ್ನೊಂದು ಸಲ ಕೇಳಲೇ ಇಲ್ಲ! ನಮ್ಮ ಕಡೆ ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ. ಮೂರನೇ ಸಲ ಅವರು ಬಡಿಸಿಯೇ ಬಿಡುತ್ತಾರೆ, ಆಗ ‘ಅಯ್ಯೋ ಸಾಕು, ಇಷ್ಟೊಂದಾ’ ಎನ್ನುತ್ತ ತಿನ್ನುವುದು. ಮೊದಲ ಸಲಕ್ಕೇ ಹ್ಞೂಂ ಅಂದವಳು ಮನೆಯಲ್ಲಿ ಊಟ ಕಾಣದವಳು. ಮೊದಲ ಬೇಡಕ್ಕೇ ಸುಮ್ಮನಾದವರು ಬಡಿಸುವ ಮನಸ್ಸಿಲ್ಲದವರು. ಮ್ಯಾಥ್ಸ್ ಮನೆಯಲ್ಲೂ ಇದೇ ನಡೆ. ನಾನು ಚಾಯ್ ಬೇಡ ಅನ್ನುತ್ತಿದ್ದಂತೆಯೇ ಅವಳ ತಮ್ಮನ ಹೆಂಡತಿ ಸಕ್ಕರೆ ಡಬ್ಬಿ ತೆಗೆಯುತ್ತಿದ್ದಳು. ಇತ್ತ ಕಾನ್ವೆಂಟಿನ ಸಿಸ್ಟರುಗಳೂ ‘ನೋ ಥ್ಯಾಂಕ್ಯೂ ಸಿಸ್ಟರ್’ ಎಂದು ಹೇಳುವ ಹುಡುಗಿಯೇ ಒಳ್ಳೆಯ ಹುಡುಗಿ ಎಂದು ಕಲಿಸಿದ್ದರು. ಎರಡೂ ಸೇರಿ ನನ್ನ ನಾಲಿಗೆಯನ್ನು ಕಟ್ಟಿಹಾಕಿದ್ದವು.

ಗೊತ್ತಾದ ಮೇಲೆ ತಿದ್ದಿಕೊಳ್ಳಬಹುದಿತ್ತಲ್ಲ ಎನ್ನಬಹುದು. ತಿದ್ದಿಕೊಳ್ಳಲು ನೋಡಿದೆ. ಸ್ಟಾಕ್‌ಹೋಮ್‌ನಲ್ಲಿ ಮೆಟ್ಟಿಲ ಬಳಿ ಯಾರೋ ಬ್ಯಾಗ್ ಎತ್ತಿಕೊಡಲೇ ಎಂದಾಗಲೂ ನನ್ನ ಬಾಯಿಂದ ಬಂದಿದ್ದು ನೋ ನೋ. ಮಾತು ಮುಗಿಯುವ ಹೊತ್ತಿಗೆ ಅವರು ಮೆಟ್ಟಿಲು ಹತ್ತಿ ಹೋಗಿರುತ್ತಿದ್ದರು. ಒರಟರಲ್ಲ, ಪಾಪ. ನಾನು ಹೇಳಿದ್ದನ್ನು ನಂಬುತ್ತಿದ್ದರು.

ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಟ್ರೇನು. ಕಿಟಕಿಯಾಚೆ ಮುಗಿಯದ ಪೈನ್ ಮರಗಳು, ಆಮೇಲೆ ಮರ ಕುಳ್ಳಾಗುತ್ತಾ ಹೋದವು, ಆಮೇಲೆ ಬರೀ ಬಂಡೆ, ಹಿಮದ ತೇಪೆ. ಎದುರಿನ ಸೀಟು ಖಾಲಿ. ‘ನೋಡೇ ಮ್ಯಾಥ್ಸ್’ ಎಂದು ಬಾಯಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ. ನಾರ್ವೆಯಲ್ಲಿ ಇಳಿದು, ಬಸ್ಸು ಹಿಡಿದು, ಸಮುದ್ರದೊಳಗೆ ಚಾಚಿಕೊಂಡ ದ್ವೀಪಗಳ ಸಾಲಿನಲ್ಲಿ ಒಂದು ಮೀನುಗಾರರ ಹಳ್ಳಿ ಸೇರಿದೆ. ನೀರಿನ ಅಂಚಿಗೆ ಕೆಂಪು ಮರದ ಮನೆಗಳು. ಮೀನಿನ ತಲೆಗಳನ್ನು ಗೊಂಚಲು ಗೊಂಚಲಾಗಿ ಕಟ್ಟಿ ಒಣಹಾಕಿದ್ದರು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನಾನು ಆ ವಾಸನೆಗೆ ಮೊದಲ ದಿನ ಮೂಗಿಗೆ ವೇಲ್ ಕಟ್ಟಿಕೊಂಡೆ. ಗೂಡು ಬೇಯುವ ಬೀದಿಯಲ್ಲಿ ಬದುಕಿದವಳು, ಎರಡನೇ ದಿನಕ್ಕೆ ಬಿಚ್ಚಿದೆ.

ಹಾಸ್ಟೆಲ್ ನಡೆಸುತ್ತಿದ್ದವನು ನನ್ನದೇ ವಯಸ್ಸಿನ ಒಬ್ಬ ಮುದುಕ. ಮಾತು ಕಮ್ಮಿ. ನಾನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿದ್ದ ಚನ್ನಪಟ್ಟಣದ ಬಣ್ಣದ ಬುಗುರಿಯೊಂದನ್ನು ಅವನಿಗೆ ಕೊಡಲು ಹೋದೆ. ‘ಬೇಡ, ಥ್ಯಾಂಕ್ಸ್, ನಮ್ಮಲ್ಲಿ ಚಿಕ್ಕ ಮಕ್ಕಳಿಲ್ಲ’ ಎಂದ. ನಾನು ಬಿಡುವವಳೇ? ಎರಡನೇ ಸಲ ಚಾಚಿದೆ, ಮೂರನೇ ಸಲ ಕೈಗೆ ತುರುಕಿದೆ. ಅವನು ಗಾಬರಿಯಾಗಿ ಬುಗುರಿಯನ್ನೂ ನನ್ನನ್ನೂ ನೋಡಿದ. ಆಮೇಲೆ ಅದನ್ನು ಕೌಂಟರಿನ ಮೇಲೆ ತಿರುಗಿಸಿ ಅದು ಬೀಳುವ ತನಕ ನೋಡುತ್ತ ನಿಂತ.

ಅಲ್ಲಿ ನನಗೆ ಸಿಕ್ಕಿದ್ದು ಮೂರೇ ರಾತ್ರಿ. ಆಮೇಲೆ ಟ್ರೇನ್ ಟಿಕೆಟ್ಟಿನ ಗಡುವು ಮುಗಿಯುತ್ತಿತ್ತು, ಕೈಯಲ್ಲಿನ ದುಡ್ಡೂ. ಹಳ್ಳಿಯ ಬೆನ್ನಿಗೆ ಎತ್ತರದ ಬೆಟ್ಟ. ಅಲ್ಲಿ ಸೂರ್ಯ ರಾತ್ರಿ ಹೊತ್ತು ಉತ್ತರದಲ್ಲಿ ಇರುತ್ತಾನೆ, ಅಂದರೆ ಸರಿಯಾಗಿ ಆ ಬೆಟ್ಟದ ಹಿಂದೆ. ನೋಡಬೇಕಾದರೆ ಬೆಟ್ಟಗಳ ನಡುವಿನ ಏರುದಾರಿ ಹತ್ತಿ, ದ್ವೀಪದ ಆಚೆ ದಡಕ್ಕೆ ಹೋಗಬೇಕು. ಇದು ನನ್ನ ಯಾವ ಪಾಠದಲ್ಲೂ ಇರಲಿಲ್ಲ. ಮೊದಲೆರಡು ದಿನ ಜಡಿಮಳೆ, ಹೋಗುವ ಮಾತೇ ಇಲ್ಲ. ಹಾಸಿಗೆಯಲ್ಲಿ ಕೂತು ಬೆಲ್ಲದ ಪಾಕದ ಬಣ್ಣದ ಚೀಸನ್ನು ಬ್ರೆಡ್ಡಿನ ಮೇಲೆ ಇಟ್ಟುಕೊಂಡು ತಿಂದೆ. ಕಿಟಕಿಗೆ ದಪ್ಪ ಕಪ್ಪು ಪರದೆ, ನಿದ್ದೆ ಬರಲಿ ಎಂದು. ಬೆಳಕಿನ ದೇಶದಲ್ಲಿ ಜನ ಕಾಸು ಕೊಟ್ಟು ಕತ್ತಲೆ ಮಾಡಿಕೊಳ್ಳುತ್ತಾರೆ ಎಂದರೆ ಮ್ಯಾಥ್ಸ್ ಏನನ್ನುತ್ತಾಳೋ ಎಂದುಕೊಂಡೆ.

ಮೂರನೇ ದಿನ ಸಂಜೆ ಮಳೆ ನಿಂತಿತು. ಮೋಡ ಅಲ್ಲಲ್ಲಿ ಹರಿದು ನೀಲಿ ಕಂಡಿತು. ಊಟದ ಹೊತ್ತು ಕಳೆದ ಮೇಲೆ ನಾನು ಸ್ವೆಟರ್ ಹಾಕಿ, ಶೂ ಲೇಸ್ ಬಿಗಿದು, ಯಾವ ಬಸ್ಸೂ ಇಲ್ಲ ಎಂದು ಗೊತ್ತಿದ್ದೂ ಬಾಗಿಲಲ್ಲಿ ನಿಂತಿದ್ದೆ. ಮುದುಕ ಕಾರಿನ ಬೀಗದ ಕೈ ಹಿಡಿದು ಹೊರಬಂದ.

‘ಆಚೆ ದಡದಲ್ಲಿ ನನ್ನ ಕುರಿಗಳಿವೆ, ನೋಡಿ ಬರಬೇಕು. ಅಲ್ಲಿ ಆಕಾಶ ಬಿಟ್ಟಿದೆ. ಸೂರ್ಯ ಕಾಣಬಹುದು. ಬರ್ತೀರಾ?’

ಅವನ ಪ್ರಶ್ನೆ ಮುಗಿಯುವ ಮೊದಲೇ ನನ್ನ ನಾಲಿಗೆ ತನ್ನ ಕೆಲಸ ಮಾಡಿತು. ‘ನೋ ನೋ, ಪ್ಲೀಸ್, ನಿಮಗ್ಯಾಕೆ ತೊಂದರೆ.’

‘ಓಕೆ’ ಎಂದು ತಲೆಯಾಡಿಸಿದ. ‘ಗುಡ್ ನೈಟ್.’

ಕಾರು ಹೊರಟಿತು. ನಾನು ಶೂ ಹಾಕಿಕೊಂಡು, ಒಂದು ಕೈಯಲ್ಲಿ ಮಂಕಿ ಕ್ಯಾಪ್ ಹಿಡಿದು, ಮುಖದ ಮೇಲೆ ಎರಡನೇ ಸಲ ಕೇಳಿಸಿಕೊಳ್ಳಲು ಸಿದ್ಧವಾದ ನಗೆ ಇಟ್ಟುಕೊಂಡು ಅಲ್ಲೇ ನಿಂತಿದ್ದೆ. ತಿರುವಿನಲ್ಲಿ ಸದ್ದು ಕೂಡ ನಿಂತುಹೋಯಿತು. ‘ನಿಲ್ಲಿ’ ಎಂದು ಕೂಗಬಹುದಿತ್ತು. ಕಾರಿನ ಹಿಂದೆ ಕೂಗುತ್ತಾ ಓಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ನಡೆದೇ ಹೊರಟೆ. ಏರು ರಸ್ತೆ. ಒಂದು ಕಡೆ ಬಂಡೆ, ನಮ್ಮ ಊರಿನ ಬಂಡೆಗಳ ಹಾಗೇ ಬೋಳು ಬೆನ್ನು, ಮಳೆನೀರು ಇಳಿದ ಕಪ್ಪು ಗೆರೆ. ಬೇಗ ಬೇಗ ಹೆಜ್ಜೆ ಹಾಕಿದೆ, ಎದೆ ಹೊಡೆದುಕೊಂಡಿತು, ನಿಂತೆ, ಮತ್ತೆ ನಡೆದೆ. ಏರಿನ ತುದಿಗೆ ಇನ್ನೂ ದೂರವಿರುವಾಗ ಆಚೆ ಕಡೆಯಿಂದ ಬೆಳಕು ಕಂಡಿತು. ಬೆಟ್ಟದ ಅಂಚಿಗೆ ಹಳದಿ ಬಳಿದ ಹಾಗೆ. ಓಡಲು ನೋಡಿದೆ, ಮಂಡಿ ಕೇಳಲಿಲ್ಲ. ನೋಡುತ್ತಿದ್ದಂತೆ ಆ ಹಳದಿ ಮಾಸಿತು. ಸಮುದ್ರದಿಂದ ಮಂಜು ಏರಿ ಬಂದು ಮೊದಲು ಬೆಟ್ಟವನ್ನು, ಆಮೇಲೆ ರಸ್ತೆಯನ್ನು, ಆಮೇಲೆ ನನ್ನನ್ನೂ ನುಂಗಿತು.

ತುದಿಯಲ್ಲಿ ಒಂದು ಬಸ್ ಶೆಲ್ಟರ್ ಇತ್ತು. ಅದರೊಳಗೆ ಕೂತೆ. ಯಾರೂ ಇಲ್ಲ. ಎಲ್ಲೋ ಕುರಿಯ ಕೊರಳ ಗಂಟೆ. ಅತ್ತುಬಿಟ್ಟೆ. ಗಂಡ ಸತ್ತಾಗ ಜನರ ನಡುವೆ ಅತ್ತಿದ್ದೆ, ಹೀಗೆ ಬಾಯಿಬಿಟ್ಟು ಒಬ್ಬಳೇ ಅತ್ತಿರಲಿಲ್ಲ. ಹೋಗಿ ಏನು ಹೇಳಲಿ ಅವಳಿಗೆ? ಸಾಯುವವಳು ಕೇಳಿದ್ದು ಒಂದೇ ಒಂದು.

ಬಹಳ ಹೊತ್ತಿನ ಮೇಲೆ ಕಾರು ಹಿಂತಿರುಗಿ ಬಂದು ನಿಂತಿತು. ಮುದುಕ ಗಾಜು ಇಳಿಸಿ ನನ್ನನ್ನು ನೋಡಿದ. ‘ನೀವು ಬರಲ್ಲ ಅಂದಿರಿ.’

‘ಹೌದು.’

‘ಚೆನ್ನಾಗಿ ಕಂಡಿತು, ನೀರಿನ ಮೇಲೇ ಇತ್ತು. ಮಂಜು ಈಗ ಬಂತು.’ ಅವನು ನಿಜವಾಗಿಯೂ ಮರುಗಿದ ಹಾಗಿತ್ತು. ‘ಕಾರಲ್ಲಿ ಬರ್ತೀರಾ?’

ಈ ಸಲ ನಾನು ಬಾಯಿ ತೆರೆಯಲಿಲ್ಲ, ಕಾರಿನ ಬಾಗಿಲು ತೆರೆದೆ.

ಮರುದಿನ ಬೆಳಿಗ್ಗೆಯೇ ಹೊರಟೆ. ವಾಪಸು ಬರುವಾಗ ಏನೇನು ನೋಡಿದೆನೋ ಒಂದೂ ಮನಸ್ಸಿನಲ್ಲಿ ನಿಂತಿಲ್ಲ. ಸುಳ್ಳು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ತಯಾರಿ ಮಾಡಿದೆ. ಕೆಂಪಗಿತ್ತು, ತಟ್ಟೆಯ ಹಾಗಿತ್ತು, ನೀರಿಗೆ ಮುಟ್ಟಿ ಮುಟ್ಟದ ಹಾಗೆ ಜಾರಿ ಮತ್ತೆ ಮೇಲೆ ಎದ್ದಿತು. ಮೂವತ್ತು ವರ್ಷ ಹೇಳಿದ್ದು ತಾನೇ. ಬೆಂಗಳೂರಿನಿಂದ ಬಸ್ಸು ಬಿಡದಿ ದಾಟುವಾಗ ಎಲ್ಲ ಒಪ್ಪವಾಗಿ ಬಾಯಿಗೆ ಬರುತ್ತಿತ್ತು.

ಮನೆಗೆ ಹೋಗದೆ, ಬ್ಯಾಗ್ ಸಮೇತ ನೇರ ಅವಳ ಮನೆಗೆ ಹೋದೆ. ಹಿಂದಿನ ಶೆಡ್ಡಿನಲ್ಲಿ ರಾಟೆಗಳ ಸದ್ದು. ಮಂಚದ ಮೇಲೆ ಅವಳು ಅರ್ಧವಾಗಿದ್ದಳು. ಕೆನ್ನೆಯ ಮೂಳೆ, ಕಣ್ಣು, ಅಷ್ಟೇ. ತಲೆಯ ಮೇಲೆ ಹಗಲಲ್ಲೂ ಬಲ್ಬು ಉರಿಯುತ್ತಿತ್ತು. ತಮ್ಮನ ಹೆಂಡತಿ ಬಟ್ಟಲಲ್ಲಿ ಗಂಜಿ ಹಿಡಿದು ಕೂತಿದ್ದಳು.

‘ಬೇಡ’ ಎಂದಳು ಇವಳು.

‘ಒಂದು ಚಮಚ ಆಪಾ, ನಿಮ್ ಫ್ರೆಂಡ್ ಬಂದವ್ರೆ, ಅವ್ರ ಎದುರಿಗಾದ್ರೂ.’

‘ಬೇಡ.’

ನಾನು ಬಟ್ಟಲು ಇಸಿದುಕೊಂಡೆ. ‘ತಗೊಳೇ, ಆಟ ಆಡಬೇಡ’ ಎಂದು ಚಮಚ ಬಾಯಿಗೆ ಒಯ್ದೆ, ಮೂರನೇ ಸಲ.

ಅವಳು ಕೈ ಎತ್ತಿ ನನ್ನ ಮಣಿಕಟ್ಟು ಹಿಡಿದಳು. ‘ಇದು ನಿಜವಾದ ಬೇಡ ಜಿಯಾಗ್ರಫಿ. ಒಳಗೆ ಜಾಗ ಇಲ್ಲ.’

ಬಟ್ಟಲು ಕೆಳಗಿಟ್ಟೆ. ಆ ಮನೆಯಲ್ಲಿ ಅಲ್ಲಿಯವರೆಗೆ ಅಂಥ ಬೇಡವನ್ನು ನಾನು ಕೇಳಿರಲಿಲ್ಲ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಸುಳ್ಳೆಲ್ಲ ಎಲ್ಲಿ ಹೋಯಿತೋ.

‘ನೋಡ್ಲಿಲ್ಲ ಕಣೇ’ ಎಂದೆ. ‘ಸೂರ್ಯನ್ನ ನೋಡ್ಲಿಲ್ಲ. ಕಾರಲ್ಲಿ ಕರ್ಕೊಂಡ್ ಹೋಗ್ತೀನಿ ಅಂದ ಒಬ್ಬ. ಬೇಡ ಅಂದೆ. ಹೊರಟೇ ಹೋದ.’

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ನಗು ಶುರುವಾಯಿತು, ಸದ್ದಿಲ್ಲದ ನಗು, ಹೆಗಲು ಮಾತ್ರ ಕುಲುಕುತ್ತಿತ್ತು. ‘ಯಾ ಅಲ್ಲಾ, ಅಲ್ಲಿಗೂ ಹೋಗಿ ಬೇಡ ಅಂದ್ಯಾ! ನಾನಿದ್ದಿದ್ರೆ ಹೇಳ್ತಿದ್ದೆ ಅವನಿಗೆ, ಇವಳ ಮಾತು ಕೇಳ್ಬೇಡಪ್ಪ, ಎತ್ತಿ ಒಳಗೆ ಹಾಕು ಅಂತ.’

‘ನೀನಿರಲಿಲ್ವಲ್ಲ.’

‘ಹ್ಞೂಂ, ಇರಲಿಲ್ಲ.’ ನಗು ನಿಂತಿತು. ಶೆಡ್ಡಿನ ಸದ್ದೂ ಆ ಹೊತ್ತಿಗೆ ನಿಂತಿತ್ತು, ಕೆಲಸದವರು ಊಟಕ್ಕೆ ಎದ್ದಿದ್ದರು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ‘ಆಮೇಲೆ ಏನ್ ಮಾಡ್ದೆ?’

‘ನಡ್ಕೊಂಡ್ ಹೋದೆ. ಮಂಜು ಬಂತು. ಬಸ್ ಶೆಲ್ಟರಲ್ಲಿ ಕೂತು ಅತ್ತೆ.’

‘ಎಷ್ಟು ಹೊತ್ತಲ್ಲಿ?’

‘ಹನ್ನೆರಡು ದಾಟಿತ್ತು.’

‘ರಾತ್ರಿ ಹನ್ನೆರಡು. ಮಂಜು. ಸೂರ್ಯ ಇಲ್ಲ.’ ಲೆಕ್ಕಕ್ಕೆ ಕೊಟ್ಟ ಅಂಶಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆಯುವ ಧ್ವನಿ ಅದು. ‘ಕತ್ತಲೆ ಆಗಿತ್ತಾ?’

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಸೂರ್ಯ ಸಿಗಲಿಲ್ಲ ಎಂದು ಅಳುತ್ತಾ ಕೂತವಳಿಗೆ ಸುತ್ತ ಏನಿತ್ತು ಎಂದು ನೋಡುವ ಬುದ್ಧಿ ಎಲ್ಲಿತ್ತು? ಈಗ ನೆನಪು ಮಾಡಿಕೊಂಡೆ. ಶೆಲ್ಟರಿನ ಗೋಡೆಯ ಮೇಲೆ ಬಸ್ಸಿನ ಟೈಮ್‌ಟೇಬಲ್ ಅಂಟಿಸಿದ್ದರು. ಸಣ್ಣ ಅಕ್ಷರ. ಕಣ್ಣು ಒರೆಸಿಕೊಂಡು ನಾನು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದ್ದೆ, ಬೆಳಿಗ್ಗೆಯ ಬಸ್ಸಿಗೆ. ನೆಲದಲ್ಲಿ ಹುಲ್ಲಿನ ನಡುವೆ ಪುಟ್ಟ ಬಿಳಿ ಹೂಗಳಿದ್ದವು, ಅವೂ ಕಂಡಿದ್ದವು. ನನ್ನ ಶೂ ಮೇಲಿನ ಕೆಸರು ಕಂಡಿತ್ತು.

‘ಇಲ್ಲ’ ಎಂದೆ. ‘ಕತ್ತಲೆ ಆಗಿರಲಿಲ್ಲ. ಆಷಾಢದಲ್ಲಿ ನಮ್ಮೂರಲ್ಲಿ ಮಧ್ಯಾಹ್ನ ಮೋಡ ಕವಿದಿರುತ್ತಲ್ಲ, ಅಷ್ಟು ಬೆಳಕು. ಟೈಮ್‌ಟೇಬಲ್ ಓದಿದೆ.’

‘ಕನ್ನಡಕ ಇಲ್ದೇನಾ?’

‘ಕನ್ನಡಕ ಹಾಕ್ಕೊಂಡು.’

‘ದೀಪ ಇರಲಿಲ್ವಾ ಅಲ್ಲಿ?’

‘ಒಂದೂ ಇರಲಿಲ್ಲ.’

‘ಸೂರ್ಯ ಮುಚ್ಚಿಹೋದ್ರೂ?’

‘ಮುಚ್ಚಿಹೋದ್ರೂ.’

ಅವಳ ಕಣ್ಣು ಮುಚ್ಚಿಯೇ ಇತ್ತು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ ‘ಸಾಕು’ ಎಂದಳು. ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ.

ಆಮೇಲಿನ ದಿನಗಳಲ್ಲಿ ದಿನಾ ಹೋಗುತ್ತಿದ್ದೆ. ಕೋಪನ್‌ಹೇಗನ್ ಬೇಡ, ಟ್ರೇನ್ ಬೇಡ, ಶೆಲ್ಟರಿನದ್ದೇ ಹೇಳು ಎನ್ನುತ್ತಿದ್ದಳು. ಹುಲ್ಲು ಎಷ್ಟು ಎತ್ತರ, ಗಂಟೆ ಯಾವ ಕಡೆಯಿಂದ ಕೇಳಿಸಿತು, ಚಳಿ ಎಷ್ಟು. ಹೇಳಿ ಹೇಳಿ ನನಗೂ ಆ ಜಾಗದ ಮೇಲೆ ಸಿಟ್ಟು ಕರಗಿತು. ಆದರೆ ಅವಳ ಭಯ ಹೋಯಿತು ಎಂದು ನಾನು ಹೇಳಲಾರೆ. ಕೊನೆಯ ವಾರ ನೋವಿಗೆ ಕೊಟ್ಟ ಔಷಧಿಯ ಮಂಪರಿನಲ್ಲಿ ಬಾಗಿಲು, ಬಾಗಿಲು ಎಂದು ಕನವರಿಸಿದಳು. ಅವಳ ತಮ್ಮ ಎದ್ದು ಹೋಗಿ ಮನೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟ.

ದೀಪಾವಳಿಯವರೆಗೆ ಎಳೆಯಲಿಲ್ಲ. ಒಂದು ಬೆಳಿಗ್ಗೆ ಹೋಯಿತು ಜೀವ, ಅದೇ ದಿನ ಮಧ್ಯಾಹ್ನ ಎತ್ತಿಕೊಂಡು ಹೋದರು. ಹೆಂಗಸರು ಯಾರೂ ಹೋಗಲಿಲ್ಲ, ನಾನೂ. ಅಂಗಳದಲ್ಲಿ ಚಪ್ಪಲಿಗಳ ನಡುವೆ ನಿಂತಿದ್ದೆ. ಬಿಸಿಲು ಎಂಥ ಬಿಸಿಲು ಅಂದರೆ ಊರಿನ ಸುತ್ತಲ ಬಂಡೆಗಳನ್ನು ನೋಡಲಾಗುತ್ತಿರಲಿಲ್ಲ.

ಕಬರಸ್ಥಾನ ಊರಾಚೆ. ನನ್ನ ತಮ್ಮನನ್ನು ನೋಡಲು ಮಾಗಡಿಗೆ ಹೋಗುವಾಗ ಬಸ್ಸು ಅದರ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ಒಂದು ಸಂಜೆ ವಾಪಸು ಬರುವಾಗ ಕತ್ತಲಾಗಿತ್ತು. ಗೋಡೆಯ ಆಚೆ ಏನೂ ಕಾಣಲಿಲ್ಲ, ಗೋಡೆಯೂ ಕಾಣಲಿಲ್ಲ. ದೀಪದ ಕಂಬ ಇತ್ತು, ದೀಪ ಇರಲಿಲ್ಲ.

ಮರುದಿನ ಬೀದಿದೀಪ ನೋಡಿಕೊಳ್ಳುವ ಕಚೇರಿಗೆ ಹೋದೆ. ಮೇಜಿನ ಹಿಂದೆ ಇದ್ದವನು ಎದ್ದು ನಿಂತು ಕುರ್ಚಿ ಎಳೆದ. ಅವನ ಹೆಂಡತಿ ನಮ್ಮ ಸ್ಟೂಡೆಂಟ್ ಅಂತೆ, ನಮ್ಮಿಬ್ಬರಿಗೂ.

‘ಆ ಗೋಡೆ ತಾವ ರಾತ್ರಿ ಹೊತ್ತು ಯಾರೂ ಓಡಾಡಕಿಲ್ಲ ಮಿಸ್. ಅಲ್ಲಿ ಲೈಟ್ ಬೇಕಾ?’

‘ಬೇಕು’ ಎಂದೆ.

ಅವನು ನಾನು ಕಾರಣ ಹೇಳುತ್ತೇನೆಂದು ಕಾದ. ಅವನು ಎಳೆದ ಕುರ್ಚಿಯಲ್ಲಿ ನಾನು ಕೂತೆ. ಮುಂದೆ ಒಂದು ದಿನ ಕಂಬಕ್ಕೆ ದೀಪ ಹಾಕಿದರು. ಮಳೆಗಾಳಿಗೆ ಆಗಾಗ ಕೆಡುತ್ತದೆ. ಕೆಟ್ಟಾಗ ನಾನು ಮತ್ತೆ ಹೋಗಿ ಆ ಕುರ್ಚಿಯಲ್ಲಿ ಕೂರುತ್ತೇನೆ.